ಹೀರೋ ಬರುತ್ತಿದ್ದುದು ಬಸ್ಸಿನ ಟಾಪ್ ಮೇಲೆ!

ತೆರೆಯ ಮೇಲೆ ಹೊಡೆದಾಡುವವರನ್ನು ಎಲ್ಲರೂ ಬಲ್ಲರು. ಆ ತೆರೆಗೆ ಚಿತ್ರವನ್ನು ಹೊತ್ತು ತಂದವರನ್ನು ಬಲ್ಲವರು ಯಾರು?

ಶುಕ್ರವಾರ ಬೆಳಗ್ಗೆ. ಚಳಿ ಇನ್ನೂ ಬಿಟ್ಟಿಲ್ಲ. ಶಿರಾ ಬಸ್ ನಿಲ್ದಾಣದಲ್ಲಿ ಇಪ್ಪತ್ತು ಮೂವತ್ತು ಹುಡುಗರು ಗುಂಪು ಕಟ್ಟಿ ನಿಂತಿದ್ದಾರೆ. ಒಬ್ಬನ ಕೈಯಲ್ಲಿ ಹೂವಿನ ಹಾರ, ಇನ್ನೊಬ್ಬನ ಕೈಯಲ್ಲಿ ತೆಂಗಿನಕಾಯಿ, ಕರ್ಪೂರ. ಮತ್ತೊಬ್ಬನ ಹೆಗಲಿಗೆ ತಮಟೆ. ಯಾರೋ ಮಂತ್ರಿ ಬರ್ತಿದ್ದಾರೆ ಅಂದುಕೊಂಡಿರಾ? ಮಂತ್ರಿಗಳಿಗೆ ಇಷ್ಟು ಬೆಳಗ್ಗೆ ಯಾರು ಎದ್ದು ಬರ್ತಾರೆ ಸ್ವಾಮಿ!

ತುಮಕೂರು ಬಸ್ಸು ಬಂತು. ಹುಡುಗರ ಕಣ್ಣು ಬಾಗಿಲ ಕಡೆಗಿಲ್ಲ, ಬಸ್ಸಿನ ಟಾಪ್ ಕಡೆಗೆ. ಅಲ್ಲಿ ಹಗ್ಗ ಬಿಗಿದ ಎರಡು ತಗಡಿನ ಪೆಟ್ಟಿಗೆ. ಶಿಳ್ಳೆಯೋ ಶಿಳ್ಳೆ! ಪೆಟ್ಟಿಗೆ ಕೆಳಗಿಳಿಯಿತು. ಕುಂಕುಮ ಬಿತ್ತು, ಹಾರ ಬಿತ್ತು, ಕಾಯಿ ಒಡೆಯಿತು. ಎತ್ತಿನ ಗಾಡಿಯ ಮೇಲೆ ಪೆಟ್ಟಿಗೆ, ಮುಂದೆ ತಮಟೆ, ಹಿಂದೆ ಹುಡುಗರು. ಹೊಸ ಚಿತ್ರ ಊರಿಗೆ ಬಂತು!

ಇದು 1985ರ ಆಸುಪಾಸಿನ ಮಾತು. ನಾನು ಆಗ ಹುಟ್ಟೇ ಇರಲಿಲ್ಲ. ಇದನ್ನು ನನಗೆ ಹೇಳಿದವರು ಅವತ್ತು ಆ ಪೆಟ್ಟಿಗೆಗಳ ಜೊತೆ ಬಸ್ಸಿನಿಂದ ಇಳಿದ ಹುಡುಗ. ಆಗ ಅವರಿಗೆ ಹತ್ತೊಂಬತ್ತು. ಈಗ ಅರವತ್ತು ಮುಟ್ಟುತ್ತಿದ್ದಾರೆ. ತುಮಕೂರಿನಲ್ಲಿ ಒಂದು ಪುಟ್ಟ ಬೀಡಾ ಅಂಗಡಿ ಇಟ್ಟುಕೊಂಡಿದ್ದಾರೆ.

“ಹೆಸರು ಹಾಕಬೇಡಪ್ಪ. ಹಾರ ಬೀಳ್ತಿದ್ದದ್ದು ಪೆಟ್ಟಿಗೆಗೆ, ನನಗಲ್ಲ” ಅಂದರು. ಸರಿ, ಹಾಗಾದರೆ ‘ಯಜಮಾನರು’ ಅಂತಲೇ ಕರೆಯೋಣ.

ಪೆಟ್ಟಿಗೆಯೊಳಗೆ ಏನಿತ್ತು?

ಇಂದಿನ ಹುಡುಗರಿಗೆ ಸಿನಿಮಾ ಅಂದರೆ ಬೆರಳ ತುದಿಯ ವಸ್ತು. ಆಗ ಹಾಗಲ್ಲ. ಆಗ ಸಿನಿಮಾಗೆ ತೂಕವಿತ್ತು! ನಿಜವಾದ ತೂಕ. ತಕ್ಕಡಿಯಲ್ಲಿ ಹಾಕಿ ತೂಗಬಹುದಾದ ತೂಕ.

ಸ್ವಲ್ಪ ಲೆಕ್ಕ ಕೇಳಿ. 35 ಎಂ.ಎಂ. ಫಿಲಂ ಸೆಕೆಂಡಿಗೆ 24 ಚೌಕಟ್ಟಿನಂತೆ ಓಡುತ್ತೆ. ಒಂದು ಅಡಿ ಫಿಲಮ್ಮಿನಲ್ಲಿ 16 ಚೌಕಟ್ಟು. ಅಂದರೆ ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ. ನೆಲದ ಮೇಲೆ ಹಾಸಿದರೆ ನಾಲ್ಕು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ! ಇದನ್ನು ಸಾವಿರ ಅಡಿಯ ಸುರುಳಿಗಳಾಗಿ ಸುತ್ತಿದರೆ ಹದಿನಾಲ್ಕು ರೀಲು. ಒಂದೊಂದು ರೀಲು ಹನ್ನೊಂದು ನಿಮಿಷ. ಒಂದೊಂದಕ್ಕೂ ಒಂದು ದುಂಡನೆಯ ಡಬ್ಬ. ಆ ಡಬ್ಬಗಳನ್ನು ಜೋಡಿಸೋಕೆ ತಗಡಿನ ಪೆಟ್ಟಿಗೆ. ಎಲ್ಲ ಸೇರಿದರೆ ಹತ್ತಿರ ಹತ್ತಿರ ಒಂದು ಸಿಮೆಂಟ್ ಮೂಟೆಯ ಭಾರ.

ನಮ್ಮ ನೆಚ್ಚಿನ ನಟ ತೆರೆಯ ಮೇಲೆ ಹತ್ತು ಜನರನ್ನು ಎತ್ತಿ ಎಸೆಯುವ ಮೊದಲು, ಅವನನ್ನೇ ಯಾರೋ ಒಬ್ಬ ಬಡಕಲು ಹುಡುಗ ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿಸಬೇಕಿತ್ತು!

ಗಾಂಧಿನಗರವೇ ಯಾಕೆ?

ಕನ್ನಡ ಚಿತ್ರರಂಗಕ್ಕೆ ‘ಗಾಂಧಿನಗರ’ ಎಂದೇ ಹೆಸರು. ಅಲ್ಲಿ ಒಂದು ದೊಡ್ಡ ಸ್ಟುಡಿಯೋ ಇದೆಯೇ? ಇಲ್ಲ. ಲ್ಯಾಬು? ಬಹುಕಾಲ ನಮ್ಮ ಚಿತ್ರಗಳ ಪ್ರಿಂಟು ತಯಾರಾಗುತ್ತಿದ್ದುದು ಮದ್ರಾಸಿನ ಲ್ಯಾಬುಗಳಲ್ಲಿ. ಹಾಗಿದ್ದ ಮೇಲೆ ಗಾಂಧಿನಗರದಲ್ಲಿ ಇದ್ದದ್ದೇನು? ಹಂಚಿಕೆದಾರರ ಆಫೀಸುಗಳು. ಅಲ್ಲಿಂದ ಕೂಗಳತೆಯಲ್ಲಿ ಏನಿದೆ ನೋಡಿ... ಒಂದು ಕಡೆ ಸಿಟಿ ರೈಲ್ವೆ ಸ್ಟೇಷನ್ನು, ಇನ್ನೊಂದು ಕಡೆ ಮೆಜೆಸ್ಟಿಕ್ ಬಸ್ ನಿಲ್ದಾಣ, ಆಚೆಗೆ ಕೆಂಪೇಗೌಡ ರಸ್ತೆಯ ಸಾಲು ಸಾಲು ಥಿಯೇಟರು. ಮದ್ರಾಸಿನ ರಾತ್ರಿ ರೈಲಿನಲ್ಲಿ ಬಂದ ಪ್ರಿಂಟು ಬೆಳಗ್ಗೆ ಸ್ಟೇಷನ್ನಿನಲ್ಲಿ ಇಳಿಯುತ್ತೆ. ಅಲ್ಲೇ ಲೆಕ್ಕ ಬರೆಸಿಕೊಂಡು ಬಸ್ಸೋ ರೈಲೋ ಹತ್ತಿ ಜಿಲ್ಲೆಗಳಿಗೆ ಹೊರಡುತ್ತೆ. ಪೆಟ್ಟಿಗೆ ಹೊರುವ ಲೆಕ್ಕದಲ್ಲಿ ನೋಡಿದರೆ ಇದಕ್ಕಿಂತ ಒಳ್ಳೆಯ ಜಾಗ ಉಂಟೆ?

ಸಾಗಣೆಗೂ ಒಂದು ಭೂಪಟ ಇತ್ತು. ರಾಜ್ಯ ಒಂದಾದದ್ದು 1956ರಲ್ಲಿ. ಆದರೆ ಚಿತ್ರ ಹಂಚಿಕೆಯ ಲೆಕ್ಕದಲ್ಲಿ ಹಳೆಯ ಗಡಿಗಳೇ ದಶಕಗಟ್ಟಲೆ ಉಳಿದವು. ಬೆಂಗಳೂರು, ಕೋಲಾರ, ತುಮಕೂರು ಸೇರಿದರೆ ‘ಬಿ.ಕೆ.ಟಿ.’. ಹುಬ್ಬಳ್ಳಿ ಕಡೆಯದು ಬಾಂಬೆ ಕರ್ನಾಟಕ. ಗುಲ್ಬರ್ಗ, ರಾಯಚೂರು ಕಡೆಯದು ಹೈದರಾಬಾದ್ ಕರ್ನಾಟಕ. ಸರ್ಕಾರ 2019ರಲ್ಲಿ ‘ಕಲ್ಯಾಣ ಕರ್ನಾಟಕ’ ಎಂದೂ 2021ರಲ್ಲಿ ‘ಕಿತ್ತೂರು ಕರ್ನಾಟಕ’ ಎಂದೂ ಹೊಸ ಹೆಸರಿಟ್ಟಿತು. ಗಾಂಧಿನಗರದ ಹಳಬರ ಬಾಯಲ್ಲಿ ಮಾತ್ರ ಹಳೆಯ ಹೆಸರೇ!

ಇನ್ನೊಂದು ಗುಟ್ಟು ಕೇಳಿ. ಕಲರ್ ಫಿಲಂ ಹೊರದೇಶದಿಂದ ಬರಬೇಕು, ಬೆಲೆ ಜಾಸ್ತಿ. ಆದ್ದರಿಂದ ಬೇಕಾದಷ್ಟು ಪ್ರಿಂಟು ತೆಗೆಸುವ ಹಾಗಿಲ್ಲ. ಇರುವ ಕೆಲವೇ ಪ್ರಿಂಟು ಇಡೀ ರಾಜ್ಯ ಸುತ್ತಬೇಕು. ಮೊದಲು ‘ಎ’ ಸೆಂಟರು, ಅಂದರೆ ದೊಡ್ಡ ಊರು. ಅಲ್ಲಿ ಓಟ ನಿಂತ ಮೇಲೆ ‘ಬಿ’ ಸೆಂಟರು. ಆಮೇಲೆ ‘ಸಿ’ ಸೆಂಟರು, ಕೊನೆಗೆ ಟೆಂಟು. ‘ಬಂಗಾರದ ಮನುಷ್ಯ’ 1972ರಲ್ಲಿ ಬಿಡುಗಡೆಯಾಗಿ ಬೆಂಗಳೂರಿನಲ್ಲಿ ವರ್ಷ ದಾಟಿ ಓಡಿತು. ಬೆಂಗಳೂರಿನವರಿಗೆ ಅದು ಹಬ್ಬ. ಆದರೆ ಪ್ರಿಂಟು ದೊಡ್ಡ ಊರಿನಲ್ಲೇ ಕೂತರೆ ಹಳ್ಳಿಯ ಅಭಿಮಾನಿ ಪೋಸ್ಟರು ನೋಡಿಕೊಂಡೇ ಕಾಲ ಹಾಕಬೇಕು!

ಹಾಗಾಗಿ ಸಿನಿಮಾ ಪ್ರಿಂಟು ಅನ್ನೋದು ಸಕ್ಕರೆ ಮೂಟೆಯಂತೆ ಒಮ್ಮೆ ಕೊಟ್ಟು ಮರೆಯುವ ಸರಕಲ್ಲ, ಸೋಡಾ ಬಾಟಲಿಯಂತೆ. ಹೋಗಬೇಕು, ವಾಪಸ್ ಬರಬೇಕು, ಮತ್ತೆ ಹೋಗಬೇಕು. ಒಂದು ಊರಿನಲ್ಲಿ ಒಂದು ದಿನ ತಡವಾದರೆ ಮುಂದಿನ ನಾಲ್ಕು ಊರಿನ ಶುಕ್ರವಾರ ಹಾಳು.

ಗುರುವಾರ ರಾತ್ರಿಯ ಹುಡುಗ

ಯಜಮಾನರ ಕೆಲಸ ಶುರುವಾಗುತ್ತಿದ್ದುದು ಗುರುವಾರ ರಾತ್ರಿ ಸೆಕೆಂಡ್ ಶೋ ಮುಗಿದ ಮೇಲೆ. ಜನ ಮನೆಗೆ ಹೋಗುವ ಹೊತ್ತಿಗೆ ಇವರು ಆಪರೇಟರ್ ಕ್ಯಾಬಿನ್ನಿನ ಮೆಟ್ಟಿಲು ಹತ್ತುತ್ತಿದ್ದರು. ಓಡಿ ಮುಗಿದ ರೀಲು ಬಾಲ ಹೊರಗಾಗಿ ನಿಂತಿರುತ್ತೆ. ತಿರುಗಿ ಸುತ್ತಬೇಕು. ತೂತು ಹರಿದಿದ್ದರೆ ಕತ್ತರಿಸಿ ಅಂಟಿಸಬೇಕು. ನಂಬರ್ ನೋಡಿ ಡಬ್ಬಕ್ಕೆ ಹಾಕಬೇಕು. ಇದೆಲ್ಲ ಮುಗಿಯುವಾಗ ರಾತ್ರಿ ಎರಡು ಗಂಟೆ. ಬೆಳಗಿನ ಮೊದಲ ಬಸ್ಸಿನವರೆಗೆ ನಿಲ್ದಾಣದಲ್ಲಿ ಪೆಟ್ಟಿಗೆಯ ಮೇಲೇ ನಿದ್ದೆ.

“ಪೆಟ್ಟಿಗೆ ಮೇಲೆ ಯಾಕೆ ಮಲಗ್ತಿದ್ರಿ ಯಜಮಾನ್ರೇ, ಪಕ್ಕದಲ್ಲಿ ಮಲಗಬಾರದಾಗಿತ್ತಾ?”

“ಪಕ್ಕದಲ್ಲಿ ಮಲಗಿದ್ರೆ ಕದ್ದುಕೊಂಡು ಹೋದ್ರೂ ಗೊತ್ತಾಗಲ್ಲ ತಮ್ಮಾ. ಮೇಲೆ ಮಲಗಿದ್ರೆ ನನ್ನನ್ನೂ ಸೇರಿಸಿ ಹೊತ್ಕೊಂಡು ಹೋಗಬೇಕಲ್ಲ!”

ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿತ್ತು. ಅದಕ್ಕೆ ‘ಶಿಫ್ಟಿಂಗ್’ ಅಂತ ಹೆಸರು. ಒಂದೇ ಪ್ರಿಂಟು, ಎರಡು ಥಿಯೇಟರು! ಮೊದಲನೆಯದರಲ್ಲಿ ಆಟ ಶುರುವಾಗಿ ಅರ್ಧ ಮುಕ್ಕಾಲು ಗಂಟೆಯ ನಂತರ ಎರಡನೆಯದರಲ್ಲಿ ಶುರು. ಇಲ್ಲಿ ಮುಗಿದ ರೀಲನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ಅಲ್ಲಿಗೆ ತುಳಿಯಬೇಕು. ಅಲ್ಲಿಂದ ಬರುವಾಗ ಓಡಿ ಮುಗಿದದ್ದನ್ನು ತರಬೇಕು. ಸೈಕಲ್ ಪಂಚರ್ ಆದರೆ? ರೈಲ್ವೆ ಗೇಟು ಬಿದ್ದರೆ? ಎರಡನೇ ಥಿಯೇಟರಿನಲ್ಲಿ ಬಿಳಿ ಪರದೆ, ಕೆಳಗೆ ಗಾಂಧಿ ಕ್ಲಾಸಿನಿಂದ ಬೈಗುಳದ ಮಳೆ!

ಒಂಬತ್ತನೇ ರೀಲು ಎಲ್ಲಿ?

ಈಗ ಅಸಲಿ ಕಥೆಗೆ ಬರೋಣ. ಮೊದಲು ಹೇಳಿದೆನಲ್ಲ, ಶಿರಾ ಬಸ್ ನಿಲ್ದಾಣದ ಆ ಶುಕ್ರವಾರ... ಹಾರ ಹಾಕಿಸಿಕೊಂಡ ಆ ಪೆಟ್ಟಿಗೆಗಳು ಹೊರಟಿದ್ದು ಶಿರಾದಿಂದ ಮೂರು ಮೈಲಿ ದೂರದ ಒಂದು ಟೆಂಟಿಗೆ. ಮಧ್ಯಾಹ್ನ ಎರಡು ಗಂಟೆಗೆ ಟೆಂಟಿನ ಆಪರೇಟರು ಡಬ್ಬ ತೆಗೆದು ಎಣಿಸಿದ. ಹದಿಮೂರು! ಮತ್ತೆ ಎಣಿಸಿದ. ಹದಿಮೂರೇ! ಒಂಬತ್ತನೇ ರೀಲು ಇಲ್ಲ.

ಆಗಿದ್ದಿಷ್ಟೆ. ತುಮಕೂರಿನ ಕ್ಯಾಬಿನ್ನಿನಲ್ಲಿ ರೀಲು ಸುತ್ತುವ ಮೇಜಿನ ಮೇಲೇ ಅದು ಉಳಿದಿತ್ತು. “ಹದಿನಾಲ್ಕೂ ಇದೆ, ತಗೊಂಡು ಹೋಗೋ” ಅಂತ ಅಲ್ಲಿನ ಆಪರೇಟರು ಹೇಳಿದ. ನಿದ್ದೆಗಣ್ಣಿನಲ್ಲಿ ಇವರು ಎಣಿಸದೆ ಪೆಟ್ಟಿಗೆ ಮುಚ್ಚಿದರು.

ಟೆಂಟಿನ ಮಾಲೀಕರು ಕೆನ್ನೆಗೆ ಒಂದು ಬಿಟ್ಟರಂತೆ. ಆಮೇಲೆ ಹೇಳಿದರು: “ಟ್ರಂಕ್ ಕಾಲ್ ಬುಕ್ ಮಾಡಿ ಕೂತ್ರೆ ಸಾಯಂಕಾಲ ಆಗುತ್ತೆ. ನೀನೇ ಓಡು. ಒಂಬತ್ತನೇ ರೀಲು ಬೇಕಾಗೋ ಹೊತ್ತಿಗೆ ಇಲ್ಲಿರಬೇಕು.”

ಆ ಹೊತ್ತು ಯಾವುದು? ಮಾಲೀಕರು ಬೆರಳೆಣಿಸಿ ಲೆಕ್ಕ ಹಾಕಿದರು. ಟೆಂಟಿನಲ್ಲಿ ಕತ್ತಲಾದ ಮೇಲೇ ಆಟ. ಆರೂವರೆಗೆ ಶುರು. ಮೊದಲು ಸರ್ಕಾರದ ಸಾಕ್ಷ್ಯಚಿತ್ರ, ಹದಿನೈದು ನಿಮಿಷ. ಎಂಟು ರೀಲಿಗೆ ಒಂದೂವರೆ ಗಂಟೆ. ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರು, ಆದ್ದರಿಂದ ಪ್ರತಿ ರೀಲಿಗೂ ಎರಡು ನಿಮಿಷ ಆಟ ನಿಲ್ಲಬೇಕು. ಮಧ್ಯೆ ಹತ್ತು ನಿಮಿಷ ಇಂಟರ್‌ವಲ್. ಎಲ್ಲ ಸೇರಿ ಎಂಟೂಮುಕ್ಕಾಲಿಗೆ ಒಂಬತ್ತನೇ ರೀಲು ಬೇಕು!

ಹುಡುಗ ಶಿರಾಕ್ಕೆ ಸೈಕಲ್ ತುಳಿದ, ಸಿಕ್ಕಿದ ಲಾರಿ ಹತ್ತಿದ, ತುಮಕೂರು ತಲುಪಿದಾಗ ನಾಲ್ಕೂವರೆ. ಆಪರೇಟರು ಮನೆಗೆ ಹೋಗಿದ್ದ. ಅವನನ್ನು ಹುಡುಕಿ, ಬೀಗ ತೆಗೆಸಿ, ರೀಲು ಹಿಡಿದು ಬಸ್ಸು ಹತ್ತಿದಾಗ ಐದೂವರೆ. ಇನ್ನೇನು ಗೆದ್ದೆ ಅನ್ನುವಾಗ... ಕಳ್ಳಂಬೆಳ್ಳದ ಹತ್ತಿರ ಬಸ್ಸು ಕೆಟ್ಟು ನಿಂತಿತು!

ಕತ್ತಲಾಯಿತು. ರಸ್ತೆ ಬದಿಯಲ್ಲಿ ಎದೆಗೆ ಡಬ್ಬ ಅಪ್ಪಿಕೊಂಡು ಹುಡುಗ ನಿಂತಿದ್ದಾನೆ. ಲಾರಿಗಳು ನಿಲ್ಲಿಸುತ್ತಿಲ್ಲ. “ಅಳು ಬರ್ತಿತ್ತು ತಮ್ಮಾ. ಕೆನ್ನೆ ಉರೀತಿದ್ದದ್ದಕ್ಕಲ್ಲ. ಆ ಟೆಂಟಲ್ಲಿ ಈಗ ಮೂರನೇ ರೀಲು ಓಡ್ತಿರುತ್ತೆ, ಈಗ ನಾಲ್ಕನೇದು ಅಂತ ತಲೇಲಿ ಓಡ್ತಾ ಇತ್ತಲ್ಲ, ಅದಕ್ಕೆ.” ಕೊನೆಗೆ ಕಡಲೆಕಾಯಿ ಮೂಟೆಯ ಲಾರಿಯೊಂದು ನಿಂತಿತು. ಕೈಯಲ್ಲಿದ್ದ ದುಡ್ಡನ್ನೆಲ್ಲ ಡ್ರೈವರ್‌ಗೆ ಕೊಟ್ಟು ಮೂಟೆಗಳ ಮೇಲೆ ಕೂತ.

ಪರದೆಯ ಮುಂದೆ ನಿಂತ ಮನುಷ್ಯ

ಅತ್ತ ಟೆಂಟಿನಲ್ಲಿ ಎಂಟು ರೀಲು ಮುಗಿಯಿತು. ಇಂಟರ್‌ವಲ್ ಆಯಿತು. ಸೋಡಾ, ಕಡಲೆಕಾಯಿ ಎಲ್ಲ ಮುಗಿಯಿತು. ಹುಡುಗ ಇನ್ನೂ ಇಲ್ಲ. ಮಾಲೀಕರು ಏನು ಮಾಡಬಹುದಿತ್ತು? ಒಂಬತ್ತನ್ನು ಹಾರಿಸಿ ಹತ್ತನೇ ರೀಲು ಹಾಕಬಹುದಿತ್ತು. ಹಾಗೆ ಮಾಡಿದ ಟೆಂಟುಗಳು ಎಷ್ಟೋ ಇದ್ದವಂತೆ. ಕಥೆ ಅರ್ಥವಾಗದಿದ್ದರೆ ಜನ ಡೈರೆಕ್ಟರನ್ನು ಬೈಯುತ್ತಾರೆ, ಟೆಂಟಿನವನನ್ನಲ್ಲ!

ಈ ಮಾಲೀಕರು ಹಾಗೆ ಮಾಡಲಿಲ್ಲ. ಪರದೆಯ ಮುಂದೆ ಹೋಗಿ ನಿಂತರು. ಪೆಟ್ರೋಮ್ಯಾಕ್ಸ್ ಎತ್ತಿ ಹಿಡಿಸಿ, ಮುಖ ಎಲ್ಲರಿಗೂ ಕಾಣುವಂತೆ ಹೇಳಿದರು: “ಒಂಬತ್ತನೇ ರೀಲು ಬಂದಿಲ್ಲ. ತಪ್ಪು ನಮ್ಮದೇ. ಹುಡುಗ ತರೋಕೆ ಹೋಗಿದ್ದಾನೆ, ದಾರೀಲಿದ್ದಾನೆ. ಕಾಯೋರು ಕಾಯಿರಿ, ಪೂರ್ತಿ ಚಿತ್ರ ತೋರಿಸ್ತೀನಿ. ಹೋಗೋರು ಗೇಟಲ್ಲಿ ದುಡ್ಡು ವಾಪಸ್ ತಗೊಳ್ಳಿ.”

ಒಂದೆರಡು ಶಿಳ್ಳೆ, ಒಂದಿಷ್ಟು ಬೈಗುಳ. ಆಮೇಲೆ? ಜನ ಕೂತೇ ಇದ್ದರು! ದುಡ್ಡು ಕೇಳಿ ಎದ್ದು ಹೋದವರು ನಾಲ್ಕೈದು ಮಂದಿ. ಉಳಿದವರು ಬೀಡಿ ಹಚ್ಚಿದರು, ಮಾತಿಗೆ ಕೂತರು. ಕೆಲವು ಹುಡುಗರು ರಸ್ತೆಗೇ ಹೋಗಿ ನಿಂತರು. ಒಂಬತ್ತೂ ಕಾಲಿಗೆ ಸೈಕಲ್ ಬೆಲ್ಲು ಕೇಳಿಸಿತು. ಡಬ್ಬ ಹಿಡಿದ ಹುಡುಗನನ್ನು ಜನ ಹೊತ್ತುಕೊಂಡೇ ಕ್ಯಾಬಿನ್ನಿಗೆ ತಂದರಂತೆ.

“ಅವತ್ತು ಮಾತ್ರ ನನಗೂ ಶಿಳ್ಳೆ ಬಿತ್ತು” ಅಂತ ಯಜಮಾನರು ನಕ್ಕರು. ಮಾಲೀಕರು ಊಟ ಹಾಕಿಸಿದರು. ಲಾರಿಗೆ ಕೊಟ್ಟ ದುಡ್ಡನ್ನು ಮಾತ್ರ ಯಾರೂ ವಾಪಸ್ ಕೊಡಲಿಲ್ಲ. ಇವರೂ ಕೇಳಲಿಲ್ಲ.

ನೂರಕ್ಕೆ ತೊಂಬತ್ಮೂರು = ಫೇಲು!

ನನ್ನ ಗೆಳೆಯನೊಬ್ಬ ಬಿ.ಕಾಂ. ಓದಿದವನು. ಈ ಕಥೆ ಹೇಳಿದಾಗ, “ಲೋ, ಇದು ನಮ್ಮ ಪುಸ್ತಕದಲ್ಲಿ ಪಾಠವಾಗಿ ಇದೆ ಕಣೋ” ಅಂತ ಒಂದು ದಪ್ಪ ಪುಸ್ತಕ ತಂದು ತೋರಿಸಿದ. ಸರಕು ಸಾಗಣೆ, ಗ್ರಾಹಕ ಸೇವೆ ಅಂತ ಅಧ್ಯಾಯ. ಸರಿಯಾದ ಸರಕು, ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ, ಸರಿಯಾದ ಲೆಕ್ಕದಲ್ಲಿ, ಕೆಡದೆ ತಲುಪಬೇಕು. ಇದಿಷ್ಟೇ ಅದರ ತಿರುಳು. ಪೀಟರ್ ಡ್ರಕರ್ ಎಂಬ ದೊಡ್ಡ ಪಂಡಿತರು 1962ರಲ್ಲೇ ಒಂದು ಲೇಖನ ಬರೆದು, ವಿತರಣೆ ಎಂಬುದು ವ್ಯಾಪಾರದ ಲೋಕದಲ್ಲಿ ಯಾರೂ ಹೊಕ್ಕು ನೋಡದ ಕತ್ತಲ ಖಂಡ ಎಂದರಂತೆ. ಸಿನಿಮಾದವರಿಗೆ ಕತ್ತಲೆ ಹೊಸದೇ? ನಮ್ಮ ವ್ಯಾಪಾರವೇ ಕತ್ತಲೆಯಲ್ಲಿ!

ಆದರೆ ಒಂದು ಮಾತು ನನಗೆ ಚೆನ್ನಾಗಿ ಹಿಡಿಸಿತು. ಹದಿನಾಲ್ಕರಲ್ಲಿ ಹದಿಮೂರು ರೀಲು ಬಂದರೆ ನೂರಕ್ಕೆ ತೊಂಬತ್ಮೂರು. ಪರೀಕ್ಷೆಯಲ್ಲಿ ಅಷ್ಟು ಬಂದರೆ ಪೇಪರಿನಲ್ಲಿ ಫೋಟೋ ಹಾಕುತ್ತಾರೆ. ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ನನ್ನಂಥವನಿಗೆ ಅದು ಕನಸು. ಆದರೆ ಟೆಂಟಿನಲ್ಲಿ ತೊಂಬತ್ಮೂರು ಅಂದರೆ ಫೇಲು! ನಾಯಕಿಯನ್ನು ಯಾರು ಅಪಹರಿಸಿದರು, ನಾಯಕ ಯಾಕೆ ಜೈಲಿಗೆ ಹೋದ ಅನ್ನೋದು ಒಂಬತ್ತನೇ ರೀಲಿನಲ್ಲೇ ಇರುತ್ತೆ. ಗಿರಾಕಿ ಶೇಕಡಾ ಲೆಕ್ಕ ನೋಡಲ್ಲ. ಅವನಿಗೆ ಬಂತು, ಇಲ್ಲ ಬರಲಿಲ್ಲ. ಎರಡೇ.

ಹಳೆಯದೆಲ್ಲ ಹೊನ್ನಲ್ಲ

ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹಾಡಲು ಹೊರಟಿಲ್ಲ. ‘ಸಿ’ ಸೆಂಟರಿನವನಿಗೆ ಸಿಗುತ್ತಿದ್ದುದು ಊರೂರು ಸುತ್ತಿ ಸವೆದ ಪ್ರಿಂಟು. ತೆರೆಯ ಮೇಲೆ ಚಿತ್ರದುದ್ದಕ್ಕೂ ಗೀರುಗಳ ಮಳೆ! ಹಾಡಿನ ಮಧ್ಯೆ ತುಂಡು. ಮಾತು ಅರ್ಧಕ್ಕೇ ಕಟ್. ಬೆಂಗಳೂರಿನವನಂತೆ ಅವನೂ ದುಡ್ಡು ಕೊಟ್ಟವನೇ. ಆದರೆ ಅವನಿಗೆ ಎಂಜಲು.

ಅದನ್ನು ತೊಳೆದದ್ದು ಡಿಜಿಟಲ್. 2005ರ ಸುಮಾರಿಗೆ ನಮ್ಮ ದೇಶದಲ್ಲಿ ಯು.ಎಫ್.ಓ., ಕ್ಯೂಬ್‌ನಂಥ ವ್ಯವಸ್ಥೆಗಳು ಥಿಯೇಟರುಗಳಿಗೆ ಕಾಲಿಟ್ಟವು. ಉಪಗ್ರಹದ ಮೂಲಕವೋ ಹಾರ್ಡ್ ಡಿಸ್ಕಿನಲ್ಲೋ ಚಿತ್ರ ಬರತೊಡಗಿತು. ಫ್ಯೂಜಿ ಕಂಪನಿ 2013ರಲ್ಲಿ ಸಿನಿಮಾ ಚಿತ್ರೀಕರಣದ ಫಿಲಂ ತಯಾರಿಕೆಯನ್ನೇ ನಿಲ್ಲಿಸಿತು. ಸಿಮೆಂಟ್ ಮೂಟೆ ತೂಗುತ್ತಿದ್ದ ಸಿನಿಮಾ ಅಂಗೈಯ ಡಬ್ಬಿಯಾಯಿತು. ಇವತ್ತು ಶಿರಾದವನು, ಸಿಂಧನೂರಿನವನು ಬೆಂಗಳೂರಿನವನ ಜೊತೆಗೇ, ಅದೇ ಶುಕ್ರವಾರ, ಗೀರಿಲ್ಲದ ಚಿತ್ರ ನೋಡುತ್ತಾನೆ. ‘ಕಾಂತಾರ’ ಕನ್ನಡದಲ್ಲಿ 2022ರ ಸೆಪ್ಟೆಂಬರ್ 30ಕ್ಕೆ ಬಂತು, ಅಕ್ಟೋಬರ್ 14ಕ್ಕೆ ಹಿಂದಿಯಲ್ಲಿ ದೇಶವೆಲ್ಲ ಹರಡಿತು. ಎರಡೇ ವಾರ! ರೀಲಿನ ಕಾಲದಲ್ಲಿ ಅಷ್ಟರೊಳಗೆ ಅಷ್ಟು ಪ್ರಿಂಟು ತೆಗೆದು ಊರೂರಿಗೆ ಮುಟ್ಟಿಸುವುದು ಕನಸಿನ ಮಾತು. ಇದು ಅಭಿಮಾನಿಗೆ ಸಿಕ್ಕ ನ್ಯಾಯ. ಒಪ್ಪಲೇಬೇಕು.

ಖರ್ಚು ಹೋಯಿತೇ? ಹೋಗಲಿಲ್ಲ. ಪ್ರಿಂಟಿನ ಖರ್ಚಿನ ಜಾಗದಲ್ಲಿ ಡಿಜಿಟಲ್ ಕಂಪನಿಗಳ ಶುಲ್ಕ ಬಂತು. ಅದು ಹೆಚ್ಚಾಯಿತು ಎಂದು ದಕ್ಷಿಣದ ಚಿತ್ರರಂಗಗಳು 2018ರ ಮಾರ್ಚ್‌ನಲ್ಲಿ ಪ್ರದರ್ಶನವನ್ನೇ ನಿಲ್ಲಿಸಿ ಪಟ್ಟು ಹಿಡಿದದ್ದು ನಿಮಗೆ ನೆನಪಿರಬಹುದು.

ಕೀಲಿ ಬರಲಿಲ್ಲ!

ಡಬ್ಬ ಹೋಯಿತು, ಆದರೆ ಕಾಯುವುದು ಹೋಗಲಿಲ್ಲ. ಈಗ ಚಿತ್ರ ಥಿಯೇಟರಿಗೆ ಬೀಗ ಹಾಕಿಕೊಂಡೇ ಬರುತ್ತೆ. ಆ ಬೀಗಕ್ಕೆ ‘ಕೆ.ಡಿ.ಎಂ.’ ಎಂಬ ಎಲೆಕ್ಟ್ರಾನಿಕ್ ಕೀಲಿ ಬೇರೆಯಾಗಿ ಬರಬೇಕು. ಒಂದು ಕೀಲಿ ಒಂದೇ ಯಂತ್ರಕ್ಕೆ. ಅದೂ ಇಂಥ ದಿನ, ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಮಾತ್ರ. ಕಳ್ಳತನ ತಡೆಯೋಕೆ ಒಳ್ಳೆಯ ಉಪಾಯವೇ. ಆದರೆ ಕೀಲಿ ಬರದಿದ್ದರೆ ಹದಿನಾಲ್ಕು ರೀಲೂ ಇಲ್ಲ!

ಕೆಲವು ವರ್ಷದ ಹಿಂದೆ ಒಂದು ತಾಲ್ಲೂಕು ಊರಿನಲ್ಲಿ, ದೊಡ್ಡ ಸ್ಟಾರ್ ಚಿತ್ರದ ಬೆಳಗಿನ ಆರು ಗಂಟೆಯ ಅಭಿಮಾನಿಗಳ ಶೋಗೆ ನಾನು ಹೋಗಿದ್ದೆ. ರಾತ್ರಿಯಿಡೀ ಕಟೌಟ್ ಕಟ್ಟಿದ ಹುಡುಗರು, ಹಾಲಿನ ಕ್ಯಾನು, ಪಟಾಕಿ. ಆರಾಯಿತು, ಏಳಾಯಿತು, ಎಂಟಾಯಿತು. ಪರದೆ ಬಿಳಿ. ಮ್ಯಾನೇಜರ್ ಕಿವಿಗೆ ಫೋನ್ ಹಚ್ಚಿಕೊಂಡು ಒಳಗೆ ಬಾಗಿಲು ಹಾಕಿಕೊಂಡರು. ಅತ್ತ ಕಡೆಯಿಂದ ಬರುತ್ತಿದ್ದುದು ದಯವಿಟ್ಟು ಕಾಯಿರಿ ಅನ್ನೋ ರೆಕಾರ್ಡು! ಗೇಟ್‌ನವನನ್ನು ಕೇಳಿದರೆ “ಸರ್ವರ್ ಪ್ರಾಬ್ಲಂ”. ಯಾವ ಸರ್ವರ್? ಯಾರದು? ಎಷ್ಟು ಹೊತ್ತು? ಹೇಳುವವರಿಲ್ಲ. ಒಂಬತ್ತಕ್ಕೆ ಮೊದಲ ಕುರ್ಚಿ ಮುರಿಯಿತು. ಆಮೇಲೆ ಪೊಲೀಸರು ಬಂದರು, ಲಾಠಿ ಬೀಸಿದರು. ಹಿಂದಿನ ರಾತ್ರಿ ಕಟೌಟ್ ಕಟ್ಟಿದ ಹುಡುಗನೊಬ್ಬನ ಮೊಣಕೈಗೆ ಪೆಟ್ಟು ಬಿತ್ತು. ಕೀಲಿ ಬಂದದ್ದು ಹನ್ನೊಂದಕ್ಕೆ. ಅಷ್ಟರಲ್ಲಿ ಆ ಹುಡುಗ ಸರ್ಕಾರಿ ಆಸ್ಪತ್ರೆಯಲ್ಲಿದ್ದ. ಟಿಕೆಟ್ಟಿನ ದುಡ್ಡು ಫೋನಿನಲ್ಲಿ ಕೊಟ್ಟಿದ್ದೆವು. ವಾಪಸ್ ಯಾರನ್ನು ಕೇಳೋದು ಅಂತ ಯಾರಿಗೂ ಗೊತ್ತಾಗಲಿಲ್ಲ.

ಕುರ್ಚಿ ಮುರಿದದ್ದು ಸರಿ ಅಂತ ನಾನು ಹೇಳಲಾರೆ. ಅಭಿಮಾನ ಬೇರೆ, ಪುಂಡಾಟ ಬೇರೆ. ಆದರೆ ಒಂದು ಪ್ರಶ್ನೆ ಬಿಡದೆ ಕಾಡುತ್ತೆ. ಟೆಂಟಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತ ಜನ, ಇಲ್ಲಿ ಯಾಕೆ ಕೂರಲಿಲ್ಲ? ಆ ಜನ ಒಳ್ಳೆಯವರು, ನಾವು ಕೆಟ್ಟವರು ಅಂತಲೇ?

ಯಜಮಾನರನ್ನೇ ಕೇಳಿದೆ. ಬೀಡಾಗೆ ಸುಣ್ಣ ಸವರುತ್ತಾ ಅಂದರು: “ತಡ ಆಗೋದು ಆಗಲೂ ಇತ್ತು, ಈಗಲೂ ಐತೆ. ಆಗ ಒಬ್ಬ ಬಂದು ಮುಖ ತೋರಿಸಿ ಹೇಳ್ತಿದ್ದ. ಬೈಸಿಕೊಳ್ಳೋಕೆ ಒಬ್ಬ ಇದ್ದ. ಬೈಯೋಕೆ ಮನುಷ್ಯ ಸಿಕ್ಕಿದ್ರೆ ಯಾರೂ ಕುರ್ಚಿ ಮುರಿಯಲ್ಲ ತಮ್ಮಾ.”

ಆ ದಪ್ಪ ಪುಸ್ತಕದ ಗ್ರಾಹಕ ಸೇವೆಯ ಅಧ್ಯಾಯವನ್ನು ನಾನು ಪೂರ್ತಿ ಓದಿಲ್ಲ. ಆದರೆ ಈ ಮಾತಿಗಿಂತ ದೊಡ್ಡದು ಅಲ್ಲಿರಲಾರದು. ಸರಕು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಅರ್ಧ ಕೆಲಸ. ಮುಟ್ಟದಿದ್ದಾಗ ಗಿರಾಕಿಯ ಮುಂದೆ ನಿಂತು ನಿಜ ಹೇಳುವುದು ಉಳಿದರ್ಧ. ಯಂತ್ರಗಳು ಮೊದಲ ಅರ್ಧವನ್ನು ಚೆನ್ನಾಗಿ ಕಲಿತಿವೆ. ಎರಡನೆಯದಕ್ಕೆ ಇವತ್ತಿಗೂ ಒಬ್ಬ ಮನುಷ್ಯ ಬೇಕು. ಥಿಯೇಟರ್ ಮಾಲೀಕರೇ, ಹಂಚಿಕೆದಾರರೇ, ಡಿಜಿಟಲ್ ಕಂಪನಿಯ ದೊರೆಗಳೇ... ಮುಂದಿನ ಸಲ ಕೀಲಿ ತಡವಾದರೆ ಬಾಗಿಲು ಹಾಕಿಕೊಳ್ಳಬೇಡಿ. ಪರದೆಯ ಮುಂದೆ ಬನ್ನಿ. ನಾಲ್ಕು ಬೈಗುಳ ತಿನ್ನಿ. ನಿಮ್ಮ ಕುರ್ಚಿಗಳು ಉಳಿಯುತ್ತವೆ. ನಮ್ಮ ಹುಡುಗರ ಮೊಣಕೈಗಳೂ ಉಳಿಯುತ್ತವೆ.

ಕೊನೆಯ ರೀಲು

ಮಾತು ಮುಗಿಸಿ ಏಳುವ ಹೊತ್ತಿಗೆ ಬೆಂಗಳೂರು ಬಸ್ಸಿನಿಂದ ಒಂದು ಕಟ್ಟು ಇಳಿಯಿತು. ಯಜಮಾನರ ಅಂಗಡಿಯ ಹುಡುಗ ಓಡಿ ಹೋಗಿ ಹೊತ್ತು ತಂದ. ಏನು ಗೊತ್ತೇ? ಇದೇ ಪತ್ರಿಕೆ! ಈಗ ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯೂ ನಿಮ್ಮ ಊರಿಗೆ ಹೀಗೇ ಬಸ್ಸು ಹತ್ತಿ ಬಂದದ್ದು.

“ಇಪ್ಪತ್ತೈದು ಐತಂತೆ ಅಣ್ಣಾ, ಚೀಟೀಲಿ ಬರೆದವ್ರೆ” ಅಂದ ಹುಡುಗ.

ಯಜಮಾನರು ಚೀಟಿ ನೋಡಲಿಲ್ಲ. ಕಟ್ಟು ಬಿಚ್ಚಿ, ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸಿದರು.

ಇಪ್ಪತ್ನಾಲ್ಕಿತ್ತು!

ಫೋನ್ ಎತ್ತಿಕೊಂಡರು.